ಸ್ಯಾನ್ ಫ್ರಾನ್ಸಿಸ್ಕೋ – ಬೆಂಗಳೂರು: ಎಷ್ಟು ದೂರ, ಎಷ್ಟು ಹೊತ್ತು?

ಊರಿನಿಂದ ಫೋನ್ ಬಂದು "ಬೇಗ ಹೊರಟು ಬಾ" ಎಂದಾಗ ಅಲ್ಲಿಯವರು ಕೇಳುವ ಮೊದಲ ಪ್ರಶ್ನೆ, "ಯಾವಾಗ ಬಂದು ತಲುಪ್ತೀಯ?" ನಮ್ಮ ಉತ್ತರವನ್ನು ನಂಬಿ ಅವರು ಆಸ್ಪತ್ರೆಯಲ್ಲೋ ಮನೆಯಲ್ಲೋ ದೊಡ್ಡ ನಿರ್ಧಾರ ಮಾಡಬೇಕಾಗಿರುತ್ತದೆ. ಗಾಬರಿಯಲ್ಲಿ ದಿನದ ಲೆಕ್ಕ ತಪ್ಪುವುದು ಸಹಜ. ಹಾಗಾಗಿ ಬೇ ಏರಿಯಾದ ಕನ್ನಡಿಗರಿಗಾಗಿ ಈ ಮಾಹಿತಿ.

ದೂರ

ಭೂಗೋಳದ ಮೇಲೆ ದಾರ ಎಳೆದು ಅಳೆದರೆ ಎರಡು ನಿಲ್ದಾಣಗಳ ನಡುವೆ ಸುಮಾರು 13,990 ಕಿ.ಮೀ. (8,690 ಮೈಲಿ). ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಆದ್ದರಿಂದ ಯಾವ ಎರಡು ಊರುಗಳ ನಡುವೆಯೂ 20,000 ಕಿ.ಮೀ.ಗಿಂತ ಹೆಚ್ಚು ಅಂತರ ಇರಲಾರದು. ಅದರಲ್ಲಿ ನಮ್ಮದು ಶೇಕಡಾ 70!

ಈ ದಾರ ಪೆಸಿಫಿಕ್ ಸಾಗರದ ನಡುವೆ ಹೋಗದೆ ಅಲಾಸ್ಕಾ, ಸೈಬೀರಿಯಾ ಕಡೆಯಿಂದ ಹಾದು ಬರುತ್ತದೆ. ಉತ್ತರ ಧ್ರುವದ ಮೇಲೆಯೇ ಹೋದರೂ ದೂರ ಹೆಚ್ಚುವುದು ಬರೀ 370 ಕಿ.ಮೀ.ಯಷ್ಟು. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ನೇರ ವಿಮಾನ ಆರಂಭಿಸಿದಾಗ, ಮಹಿಳಾ ಪೈಲಟ್‌ಗಳೇ ಇದ್ದ ತಂಡ ಆ ದಾರಿಯಲ್ಲೇ ಬಂದು ಸುಮಾರು 17 ಗಂಟೆಯಲ್ಲಿ ಬೆಂಗಳೂರು ಮುಟ್ಟಿತು.

ಮಧ್ಯೆ ಒಂದು ಕಡೆ ವಿಮಾನ ಬದಲಿಸಿದರೆ ಒಟ್ಟು ದೂರ ಸುಮಾರು ಹೀಗೆ:

- ದುಬೈ ಮೂಲಕ: 15,700 ಕಿ.ಮೀ.
- ಫ್ರಾಂಕ್‌ಫರ್ಟ್ ಮೂಲಕ: 16,550 ಕಿ.ಮೀ.
- ಸಿಂಗಪುರ ಮೂಲಕ: 16,750 ಕಿ.ಮೀ.

ಅಂತರ ಸಾವಿರ ಕಿ.ಮೀ. ಮಾತ್ರ, ಅಂದರೆ ಒಂದು ಗಂಟೆಯ ಹಾರಾಟ. ಅವಸರದಲ್ಲಿ ಟಿಕೆಟ್ ಕೊಳ್ಳುವಾಗ ದೂರ ನೋಡಬೇಡಿ, ಮಧ್ಯದಲ್ಲಿ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ನೋಡಿ.

ಸಮಯ

ಕನೆಕ್ಷನ್ ಚೆನ್ನಾಗಿದ್ದರೆ ಒಟ್ಟು 22ರಿಂದ 25 ಗಂಟೆ. ಇದಕ್ಕೆ ಹೊರಡುವ ಮುನ್ನ 4 ಗಂಟೆ, ಬೆಂಗಳೂರಿನಲ್ಲಿ ಇಮಿಗ್ರೇಶನ್ ಮತ್ತು ಲಗೇಜಿಗೆ ಒಂದೂವರೆ ಗಂಟೆ ಸೇರಿಸಿ. ದೇವನಹಳ್ಳಿಯಿಂದ ಮೈಸೂರಿಗೆ ಮತ್ತೆ ಸುಮಾರು 4 ಗಂಟೆ. ಮನೆಯಿಂದ ಮನೆಗೆ 32 ಗಂಟೆ ಎಂದೇ ಇಟ್ಟುಕೊಳ್ಳಿ.

ಗಡಿಯಾರದ ಲೆಕ್ಕ

ಭಾರತ ನಮಗಿಂತ ಬೇಸಿಗೆಯಲ್ಲಿ 12.30 ಗಂಟೆ, ಚಳಿಗಾಲದಲ್ಲಿ 13.30 ಗಂಟೆ ಮುಂದೆ. ಬದಲಾಗುವುದು ಮಾರ್ಚ್ ಎರಡನೇ ಭಾನುವಾರ ಮತ್ತು ನವೆಂಬರ್ ಮೊದಲ ಭಾನುವಾರ. ಸೂತ್ರ ಸುಲಭ: ಹೊರಡುವ ಸಮಯವನ್ನು ಮೊದಲು ಭಾರತದ ಸಮಯಕ್ಕೆ ತನ್ನಿ, ಆಮೇಲೆ ಪ್ರಯಾಣದ ಗಂಟೆ ಕೂಡಿಸಿ.

ಉದಾಹರಣೆ: ಜುಲೈನಲ್ಲಿ ಶನಿವಾರ ರಾತ್ರಿ 8ಕ್ಕೆ ಇಲ್ಲಿಂದ ವಿಮಾನ ಹೊರಟರೆ ಅಲ್ಲಿ ಭಾನುವಾರ ಬೆಳಿಗ್ಗೆ 8.30. ಅದಕ್ಕೆ 22 ಗಂಟೆ ಕೂಡಿಸಿದರೆ ಸೋಮವಾರ ಬೆಳಿಗ್ಗೆ 6.30ಕ್ಕೆ ಬೆಂಗಳೂರು, ಮಧ್ಯಾಹ್ನ 12ರ ಹೊತ್ತಿಗೆ ಮೈಸೂರು. "ನಾಳೆ ಬರ್ತೀನಿ" ಎಂದರೆ ಅಮ್ಮ ಭಾನುವಾರವೇ ಬಾಗಿಲು ನೋಡುತ್ತಾ ಕೂರುತ್ತಾರೆ. "ಸೋಮವಾರ ಮಧ್ಯಾಹ್ನ" ಎಂದು ವಾರದ ಹೆಸರು ಹಿಡಿದೇ ಹೇಳಿ.

ಮೊದಲೇ ನೋಡಿಕೊಳ್ಳಿ

ಪಾಸ್‌ಪೋರ್ಟ್ ಅವಧಿ, ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ಓಸಿಐ ಕಾರ್ಡ್, ಮಧ್ಯದ ದೇಶಕ್ಕೆ ಟ್ರಾನ್ಸಿಟ್ ವೀಸಾ ಬೇಕೇ ಎಂಬುದು, ಅಮೆರಿಕಕ್ಕೆ ಮರಳಲು ಬೇಕಾದ ವೀಸಾ: ಇವನ್ನು ಇಂದೇ ಒಮ್ಮೆ ತೆಗೆದು ನೋಡಿ. ಇವುಗಳಲ್ಲಿ ಒಂದು ಇಲ್ಲದಿದ್ದರೂ 32 ಗಂಟೆಯ ದಾರಿ ವಾರವಾಗಬಹುದು.