ತಾಟಿನಲ್ಲಿ ಕಾಣದ ಶೇಂಗಾ: ವಿಜಯಪುರದ ಗಾಂಧಿ ಚೌಕಕ್ಕೊಂದು ಆಹಾರ ಅಲರ್ಜಿ ಆ್ಯಪ್‌ನ ವಿನ್ಯಾಸ

ಗಾಂಧಿ ಚೌಕದ ಆಸುಪಾಸಿನ ಖಾನಾವಳಿಯಲ್ಲಿ ಊಟಕ್ಕೆ ಕೂತವರಿಗೆ ಶೇಂಗಾ ಒಗ್ಗದಿದ್ದರೆ ಕಣ್ಣಿಗೆ ಕಾಣುವ ಶೇಂಗಾದಿಂದ ತೊಂದರೆಯಿಲ್ಲ. ರೊಟ್ಟಿಯ ಪಕ್ಕದ ಶೇಂಗಾ ಹಿಂಡಿಯನ್ನು ಬೇಡವೆನ್ನಬಹುದು, ಶೇಂಗಾ ಹೋಳಿಗೆಯನ್ನು ಮುಟ್ಟದೆ ಬಿಡಬಹುದು. ತೊಂದರೆ ಇರುವುದು ಬದನೆಕಾಯಿ ಎಣ್ಣೆಗಾಯಿಯಲ್ಲಿ. ಹುರಿದ ಶೇಂಗಾ, ಎಳ್ಳು, ಗುರೆಳ್ಳು ಮೂರೂ ಪುಡಿಯಾಗಿ ಮಸಾಲೆಯಲ್ಲಿ ಕೂಡಿಹೋಗಿರುತ್ತವೆ. ಕಾಳುಪಲ್ಯದ ರಸ ಗಟ್ಟಿಯಾಗಲೆಂದು ಅದೇ ಪುಡಿಯನ್ನು ಒಂದು ಹಿಡಿ ಹಾಕುವುದುಂಟು. ಸಂಜೆ ಚುರುಮುರಿ ಸುಸಲಾ ತಿನ್ನಹೋದರೆ ಅಲ್ಲಿಯೂ ಶೇಂಗಾ, ಜೊತೆಗೆ ಪುಠಾಣಿ ಹಿಟ್ಟು; ಪಕ್ಕದ ಬಾಣಲೆಯಲ್ಲಿ ಕಡಲೆಹಿಟ್ಟಿನ ಮಿರ್ಚಿ ಭಜಿ.

ಅಲರ್ಜಿ ಇರುವವರಿಗೆ ಹೋಟೆಲ್ ಹುಡುಕಿಕೊಡುವ ಆ್ಯಪ್‌ಗಳು ಅಮೆರಿಕ, ಯುರೋಪಿನಲ್ಲಿ ಹೊಸವಲ್ಲ. ಸ್ಪೋಕಿನ್, ಫೈಂಡ್ ಮಿ ಗ್ಲುಟೆನ್ ಫ್ರೀ ಮೊದಲಾದವು ಗ್ರಾಹಕರ ಅಭಿಪ್ರಾಯಗಳನ್ನು ಒಟ್ಟುಮಾಡಿ ಒಂದೊಂದು ಹೋಟೆಲಿನ ಕುರಿತು ಭರವಸೆ ಕಟ್ಟಿಕೊಡುತ್ತವೆ. ಅಚ್ಚಾದ ಮೆನು, ದಿನವೂ ಒಂದೇ ಪಾಕವಿಧಾನ, ಒಂದೇ ಹೆಸರಿನ ಹಲವು ಶಾಖೆಗಳು ಇರುವ ಕಡೆ ಈ ಮಾದರಿ ನಡೆಯುತ್ತದೆ. ಖಾನಾವಳಿಗೆ ಅದು ಹೊಂದುವುದಿಲ್ಲ. ಇಲ್ಲಿ ಇಂದಿನ ಪಲ್ಯ ಸಂತೆಯಲ್ಲಿ ಸಿಕ್ಕ ತರಕಾರಿಯನ್ನು ಅವಲಂಬಿಸಿದೆ, ಮಸಾಲೆ ಅಂದು ಅಡುಗೆಗೆ ನಿಂತವರ ಕೈಯನ್ನು. ಆದ್ದರಿಂದ ಈ ಲೇಖನದ ವಾದ ಇಷ್ಟು: ಗಾಂಧಿ ಚೌಕದ ಆ್ಯಪ್ 'ಸುರಕ್ಷಿತ ಹೋಟೆಲು'ಗಳ ಪಟ್ಟಿಯಾಗಕೂಡದು, ಸರಿಯಾದ ಪ್ರಶ್ನೆಯನ್ನು ಸರಿಯಾದ ವ್ಯಕ್ತಿಗೆ ಕೇಳಿಸುವ ಸಾಧನವಾಗಬೇಕು. ಇದು ಸಮೀಕ್ಷೆಯ ವರದಿಯಲ್ಲ. ಜಾರಿಯಲ್ಲಿರುವ ನಿಯಮ, ಪ್ರಕಟವಾದ ಸಂಶೋಧನೆ ಮತ್ತು ಈ ಭಾಗದ ಅಡುಗೆಮನೆಯ ರೂಢಿಗಳನ್ನು ಎದುರುಬದುರಿಟ್ಟು ನೋಡುವ ಪ್ರಯತ್ನ.

ಮೊದಲು ಕಾನೂನು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ಮತ್ತು ಪ್ರದರ್ಶನ ನಿಯಮಗಳು ಪೊಟ್ಟಣದ ಮೇಲೆ ನಮೂದಿಸಲೇಬೇಕಾದ ಅಲರ್ಜಿಕಾರಕಗಳನ್ನು ಹೆಸರಿಸಿವೆ: ಗ್ಲುಟೆನ್ ಇರುವ ಧಾನ್ಯ, ಸಿಗಡಿ-ಏಡಿ ಜಾತಿ, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ, ಜೊತೆಗೆ ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚಿನ ಪ್ರಮಾಣದ ಸಲ್ಫೈಟ್. ಮೆನುವಿನಲ್ಲಿ ಈ ಮಾಹಿತಿ ಕೊಡುವ ಹೊಣೆ ಕೇಂದ್ರ ಪರವಾನಗಿ ಪಡೆದವರಿಗೆ ಅಥವಾ 10 ಮತ್ತು ಹೆಚ್ಚು ಕಡೆ ಮಳಿಗೆ ಇರುವವರಿಗೆ ಮಾತ್ರ. ಒಂದೇ ಅಂಗಡಿಯ ಖಾನಾವಳಿ, ಚಹಾದಂಗಡಿ, ಭಜಿ ಗಾಡಿ ಇದರ ಹೊರಗೆ ಉಳಿದವು. ವರ್ಷದಲ್ಲಿ 60 ದಿನಕ್ಕಿಂತ ಕಡಿಮೆ ನಡೆಯುವ ಊಟದ ಜಾಗಗಳಿಗೂ ವಿನಾಯಿತಿ ಇದೆ. ಅಂದರೆ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಅಂಗಡಿಗಳೂ ಹೊರಗೇ. ಆ ದಿನಗಳಲ್ಲಿ ಊರ ತುಂಬ ಎಳ್ಳು: ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹೋಳಿಗೆ, ಕುಸುರೆಳ್ಳು. ನಮ್ಮ ಕಡ್ಡಾಯ ಪಟ್ಟಿಯಲ್ಲಿ ಎಳ್ಳಿನ ಹೆಸರೇ ಇಲ್ಲ. ಐರೋಪ್ಯ ಒಕ್ಕೂಟದ 14 ಅಲರ್ಜಿಕಾರಕಗಳಲ್ಲಿ ಎಳ್ಳೂ ಸಾಸಿವೆಯೂ ಇವೆ. ಅಮೆರಿಕ 2023ರ ಜನವರಿಯಿಂದ ಎಳ್ಳನ್ನು ಒಂಬತ್ತನೆಯದಾಗಿ ಸೇರಿಸಿಕೊಂಡಿದೆ. ಅಂತರರಾಷ್ಟ್ರೀಯ ಕೋಡೆಕ್ಸ್ ಪಟ್ಟಿಗೂ 2024ರಲ್ಲಿ ಅದು ಸೇರಿತು. ಬ್ರಿಟನ್ನಿನಲ್ಲಿ 2021ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ನತಾಶಾ ಕಾನೂನಿನ ಹಿಂದೆ ಇರುವುದು 2016ರಲ್ಲಿ ಎಳ್ಳು ಬೆರೆತ ಬ್ರೆಡ್ ತಿಂದು ತೀರಿಕೊಂಡ ಹದಿಹರೆಯದ ಹುಡುಗಿಯ ಪ್ರಕರಣ. ಎಳ್ಳು-ಬೆಲ್ಲ ಹಂಚುವ ನಾಡಿನ ಆ್ಯಪ್ ಸರ್ಕಾರಿ ಪಟ್ಟಿಯನ್ನಷ್ಟೇ ನಂಬಿ ಕೂರುವಂತಿಲ್ಲ.

ಕಡಲೆಯ ಮಾತೂ ಇದೇ. ಕಡಲೆ ಭಾರತ ಉಪಖಂಡದ ಮುಖ್ಯ ಆಹಾರ ಅಲರ್ಜಿಕಾರಕವೆಂದು 2001ರಷ್ಟು ಹಿಂದೆಯೇ ವೈದ್ಯಕೀಯ ಪತ್ರಿಕೆಯಲ್ಲಿ ವಾದಿಸಲಾಗಿದೆ. ಪಟ್ಟಿಯಲ್ಲಿ ಅದಿಲ್ಲ, ನಮ್ಮ ಝುಣಕದಲ್ಲಿ ಬೇರೇನೂ ಇಲ್ಲ. ಇನ್ನು ಎಷ್ಟು ಜನರಿಗೆ ಇದು ಬೇಕಾದೀತು? ಕರ್ನಾಟಕದ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಯೂರೋಪ್ರಿವಾಲ್ ಅಧ್ಯಯನ ರಕ್ತಪರೀಕ್ಷೆಯಲ್ಲಿ ಶೇ 26.5 ಮಂದಿಯಲ್ಲಿ ಯಾವುದಾದರೊಂದು ಆಹಾರಕ್ಕೆ ಸಂವೇದನೆ ಕಂಡಿತು. ಲಕ್ಷಣವೂ ಕೂಡಿಬಂದ ಸಂಭಾವ್ಯ ಅಲರ್ಜಿ ಶೇ 1.2 ಮಾತ್ರ. ಈ ಎರಡು ಅಂಕಿಗಳ ನಡುವಿನ ಅಂತರ ವಿನ್ಯಾಸಕಾರನಿಗೆ ಮುಖ್ಯ. ಪರೀಕ್ಷೆಯ ಚೀಟಿ ನೋಡಿ ಊಟವನ್ನೆಲ್ಲ ಬಿಡಿಸುವ ಆ್ಯಪ್ ಜನರನ್ನು ವಿನಾಕಾರಣ ಹೆದರಿಸುತ್ತದೆ. ಬಳಕೆದಾರರು ಏನನ್ನು ಬಿಡಬೇಕೆಂಬುದನ್ನು ವೈದ್ಯರು ಹೇಳಲಿ. ಅದು ಎಲ್ಲಿ ಅಡಗಿದೆ ಎಂಬುದನ್ನು ಆ್ಯಪ್ ಹುಡುಕಲಿ.

ಹಾಗೆ ನೋಡಿದರೆ ಈ ಊರಿನ ಫಲಕಗಳು ಅರ್ಧ ಕೆಲಸ ಮಾಡಿಯೇ ಇವೆ. 'ಲಿಂಗಾಯತ ಖಾನಾವಳಿ', 'ಶುದ್ಧ ಶಾಖಾಹಾರಿ' ಎಂದು ಬರೆದ ಕಡೆ ಮೊಟ್ಟೆ, ಮೀನು, ಸಿಗಡಿ ಮೂರೂ ಒಂದೇ ಏಟಿಗೆ ಹೊರಹೋಗುತ್ತವೆ. ಆದರೆ ಈ ಫಲಕ ಕೊಡುವ ನೆಮ್ಮದಿಯೇ ಹಾಲು, ಶೇಂಗಾ, ಗೋಧಿಯ ಮಟ್ಟಿಗೆ ಮೋಸವಾದೀತು. ಸಸ್ಯಾಹಾರ ಎಂದರೆ ನಿರಪಾಯ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ.

ಜೋಳದ ವಿಷಯ ಇನ್ನೂ ಸೂಕ್ಷ್ಮ. ಗೋಧಿ ಅಲರ್ಜಿಯವರಿಗೂ, ಗ್ಲುಟೆನ್ ಸಹಿಸದ ಸೀಲಿಯಾಕ್ ರೋಗಿಗಳಿಗೂ (ಇವೆರಡು ಬೇರೆ ಬೇರೆ ಕಾಯಿಲೆ) ವಿಜಯಪುರದ ಬಿಳಿಜೋಳದ ರೊಟ್ಟಿ ವರದಂತೆ ಕಾಣುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಆದರೆ 'ಗ್ಲುಟೆನ್ ರಹಿತ' ಎನ್ನಲು ಕಿಲೋಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಗಿರಣಿಯ ಒಂದೇ ಕಲ್ಲಿನಲ್ಲಿ ಮೊದಲು ಗೋಧಿ ಬೀಸಿ, ಹಿಂದೆಯೇ ಜೋಳ ಸುರಿದರೆ ಮೊದಲ ಸೇರು ಹಿಟ್ಟಿನಲ್ಲಿ ಗೋಧಿ ಬಂದೇ ಬರುತ್ತದೆ. ಚಪಾತಿ ಬೇಯಿಸಿದ ಹಂಚಿನ ಮೇಲೆಯೇ ರೊಟ್ಟಿ ಬಿದ್ದರೂ ಅಷ್ಟೇ. ಒಗ್ಗರಣೆಯ ಇಂಗಿಗೂ ಮಾರುಕಟ್ಟೆಯಲ್ಲಿ ಮೈದಾ ಬೆರೆಸುವ ರೂಢಿಯಿದೆ. ಇವನ್ನೆಲ್ಲ ಹೋಟೆಲಿಗೆ ನಕ್ಷತ್ರ ಕೊಡುವ ಗ್ರಾಹಕ ನೋಡಿರುವುದಿಲ್ಲ, ನೋಡಲಾರ.

ಆದ್ದರಿಂದ ದತ್ತಾಂಶದ ಮೂಲ ಘಟಕ ಹೋಟೆಲೂ ಅಲ್ಲ, ತಿನಿಸೂ ಅಲ್ಲ. ಅಡುಗೆಮನೆಯಲ್ಲಿ ಹಲವು ತಿನಿಸುಗಳಿಗೆ ಹಂಚಿಹೋಗುವ ವಸ್ತು. ಮಸಾಲೆ ಪುಡಿಯ ಡಬ್ಬಿ, ಕರಿಯುವ ಬಾಣಲೆ, ಹಂಚು, ಹಿಟ್ಟು ಬೀಸಿದ ಗಿರಣಿ, ಎಣ್ಣೆ, ಇಂಗು. ಎಣ್ಣೆಯನ್ನು ಕುಸುಬಿಯೋ ಶೇಂಗಾವೋ ಎಂದಷ್ಟೇ ದಾಖಲಿಸಿದರೆ ಸಾಲದು. ಚೆನ್ನಾಗಿ ಸಂಸ್ಕರಿಸಿದ ಶೇಂಗಾ ಎಣ್ಣೆಯಲ್ಲಿ ಅಲರ್ಜಿ ತರುವ ಪ್ರೋಟೀನ್ ಬಹುತೇಕ ಉಳಿದಿರುವುದಿಲ್ಲ, ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ಒಂದು ಡಬ್ಬಿಯ ಮಾಹಿತಿ ಬದಲಾದರೆ ಅದನ್ನು ಬಳಸುವ ಎಲ್ಲ ತಿನಿಸುಗಳ ಗುರುತೂ ತಾನಾಗಿ ಬದಲಾಗಬೇಕು. ತಂತ್ರಜ್ಞಾನದ ಮಟ್ಟಿಗೆ ಇದು ಕಷ್ಟದ ಕೆಲಸವಲ್ಲ.

ಕಷ್ಟ ಇರುವುದು ಕೇಳುವುದರಲ್ಲಿ. "ಅಕ್ಕಾರ, ಪಲ್ಯಾದಾಗ ಶೇಂಗಾ ಹಾಕೀರೇನ್ರಿ?" ಎಂದರೆ "ಇಲ್ರಿ" ಎಂಬ ಉತ್ತರ ಬರಬಹುದು, ಅದು ಸುಳ್ಳೂ ಅಲ್ಲ: ಇಡಿ ಶೇಂಗಾ ಹಾಕಿಲ್ಲ. "ರಸಾ ಗಟ್ಟಿ ಆಗಾಕ ಏನ್ ಹಾಕ್ತೀರಿ?" ಎಂದರೆ ಪುಡಿಯ ಮಾತು ಬರುತ್ತದೆ. ಹೌದು-ಇಲ್ಲ ಎಂಬ ಉತ್ತರದ ಪ್ರಶ್ನೆಗಿಂತ ಮಾಡುವ ರೀತಿಯನ್ನು ಕೇಳುವ ಪ್ರಶ್ನೆ ಹೆಚ್ಚು ಹೊರತರುತ್ತದೆ. ಆ್ಯಪ್‌ನ ಮುಖ್ಯ ಪರದೆ ಇಂಥ ಪ್ರಶ್ನೆಗಳ ಚೀಟಿಯಾಗಿರಲಿ. ಕನ್ನಡ, ದಖ್ಖನಿ ಉರ್ದು, ಮರಾಠಿಯಲ್ಲಿ ದನಿಯಾಗಿಯೂ ಕೇಳಿಸಲಿ. ಮಧ್ಯಾಹ್ನದ ಗದ್ದಲದಲ್ಲಿ ಹಿಟ್ಟಿನ ಕೈಯವರಿಗೆ ಪರದೆ ತೋರಿಸಿ ಓದಿ ಎನ್ನುವುದು ಮರ್ಯಾದೆಯಲ್ಲ. ಉತ್ತರಗಳಲ್ಲಿ 'ಗೊತ್ತಿಲ್ಲ' ಎಂಬುದಕ್ಕೂ ಉಳಿದವುಗಳಷ್ಟೇ ದೊಡ್ಡ ಗುಂಡಿ ಇರಬೇಕು. ಅದಿಲ್ಲದಿದ್ದರೆ ಗಿರಾಕಿ ತಪ್ಪಬಾರದೆಂದು ಮಾಲೀಕರು 'ಇಲ್ಲ' ಒತ್ತುತ್ತಾರೆ. ಪ್ರತಿ ಉತ್ತರಕ್ಕೂ ದಿನಾಂಕ ಬೇಕು, ಅವಧಿ ಮುಗಿದದ್ದು ತಾನೇ 'ಗೊತ್ತಿಲ್ಲ'ಕ್ಕೆ ಇಳಿಯಬೇಕು. ನಕ್ಷೆಯ ಮೇಲೆ ಹಸಿರು ಬಣ್ಣ ಬೇಡವೇ ಬೇಡ. ನಮ್ಮಲ್ಲಿ ಹಸಿರು ಚುಕ್ಕೆಗೆ ಸಸ್ಯಾಹಾರ ಎಂಬ ಬೇರೆ ಅರ್ಥ ಈಗಾಗಲೇ ಇದೆ.

ಬಳಕೆದಾರರ ಕಾಯಿಲೆಯ ವಿವರ ಅವರ ಫೋನಿನಲ್ಲೇ ಉಳಿಯಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ದೃಷ್ಟಿಯಿಂದಲೂ ಅದೇ ಲೇಸು. ಉಸಿರು ಕಟ್ಟಿದಾಗ ಇಂಟರ್‌ನೆಟ್‌ಗೆ ಕಾಯದೆ ಆಂಬುಲೆನ್ಸ್‌ನ 108ಕ್ಕೆ ಕರೆ ಹೋಗುವ ಗುಂಡಿ ಪ್ರತಿ ಪರದೆಯಲ್ಲೂ ಇರಬೇಕು.

ಚೌಕದಿಂದ ತಿಕೋಟಾ, ಬಬಲೇಶ್ವರದ ಕಡೆ ಹೊರಟರೆ ನಕ್ಷೆಯಲ್ಲಿ ಹೋಟೆಲುಗಳು ವಿರಳವಾಗುತ್ತವೆ, ದ್ರಾಕ್ಷಿ ತೋಟ ಮತ್ತು ಒಣದ್ರಾಕ್ಷಿಯ ಶೆಡ್‌ಗಳು ಹೆಚ್ಚುತ್ತವೆ. ಬಂಗಾರದ ಬಣ್ಣ ಉಳಿಯಲೆಂದು ಒಣದ್ರಾಕ್ಷಿಗೆ ಗಂಧಕದ ಹೊಗೆ ಕೊಡುವುದುಂಟು. ಹಾಗೆ ಉಳಿಯುವ ಸಲ್ಫೈಟ್ ಕೆಲವು ಅಸ್ತಮಾ ರೋಗಿಗಳ ಉಸಿರಾಟವನ್ನು ಕೆರಳಿಸುತ್ತದೆ. ಪೊಟ್ಟಣದ ಮೇಲೆ ಅದನ್ನು ನಮೂದಿಸಬೇಕು. ಕಿಲೋ ಲೆಕ್ಕದಲ್ಲಿ ಸಡಿಲವಾಗಿ ಕೊಂಡು ಶಿರಾಕ್ಕೆ ಹಾಕಿದಾಗ ಆ ಲೇಬಲ್ ಅಂಗಡಿಯಲ್ಲೇ ಉಳಿಯುತ್ತದೆ. ಜಿಲ್ಲೆಯ ಹೆಮ್ಮೆಯ ಬೆಳೆಯ ಹೆಸರು ಎಚ್ಚರಿಕೆಯ ಪಟ್ಟಿಯಲ್ಲಿ ಬಂದರೆ ಬೆಳೆಗಾರರು ಸಿಟ್ಟಾಗುವುದು ಸಹಜ. ಹಾಗಾಗಿ ಇಲ್ಲಿ ಕೇಳಬೇಕಾದ್ದು ಶಿರಾದಲ್ಲಿ ದ್ರಾಕ್ಷಿ ಇದೆಯೇ ಎಂದಲ್ಲ, ಹೊಗೆ ಕೊಟ್ಟ ಹಳದಿ ದ್ರಾಕ್ಷಿಯೋ, ಹೊಗೆ ಕೊಡದೆ ಒಣಗಿಸಿ ಕಂದಾದದ್ದೋ ಎಂದು. ಅದಕ್ಕೆ ಉತ್ತರ ಬಲ್ಲವರು ಶೆಡ್‌ನವರು. ಅವರನ್ನೂ ಮಾಹಿತಿ ತುಂಬುವವರ ಸಾಲಿಗೆ ಸೇರಿಸಿಕೊಳ್ಳಬೇಕು.