ಸರ್ಪಗಂಧದ ಬೇರು ಮತ್ತು ಡಾಕ್ಟರ್ ವಕೀಲ್

1945ರ ಏಪ್ರಿಲ್ 12ರಂದು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ತಲೆನೋವೆಂದು ಹೇಳಿ ಕುಸಿದರು. ಆಗ ಅವರ ರಕ್ತದೊತ್ತಡ 300ನ್ನು ದಾಟಿತ್ತು. ಅದು ಒಂದೇ ದಿನದಲ್ಲಿ ಏರಿದ್ದಲ್ಲ, ವರ್ಷಗಳಿಂದ ಏರುತ್ತಲೇ ಇತ್ತು. ಉಪ್ಪು ಬಿಡಿ, ಸಿಗರೇಟು ಇಳಿಸಿ, ವಿಶ್ರಾಂತಿ ಪಡೆಯಿರಿ ಎನ್ನುವುದಕ್ಕಿಂತ ಹೆಚ್ಚಿನದೇನೂ ವೈದ್ಯರ ಕೈಯಲ್ಲಿರಲಿಲ್ಲ. ಕಿರಿದಾದ ನಾಳಗಳಲ್ಲಿ ರಕ್ತ ಹರಿಸಲು ದೇಹವೇ ಒತ್ತಡ ಏರಿಸಿಕೊಳ್ಳುತ್ತದೆ, ಅದನ್ನು ಇಳಿಸಹೋಗುವುದೇ ಅಪಾಯ ಎಂದು ನಂಬಿದ್ದ ದೊಡ್ಡ ವೈದ್ಯರೂ ಆಗ ಇದ್ದರು.

ಆದರೆ ಆ ಒತ್ತಡವನ್ನು ಇಳಿಸಬಲ್ಲ ಬೇರೊಂದು ಭಾರತದ ಗಂದಿಗೆ ಅಂಗಡಿಗಳಲ್ಲಿ ಬಹಳ ಹಿಂದಿನಿಂದಲೂ ಸಿಗುತ್ತಿತ್ತು. ಅದು ಸರ್ಪಗಂಧದ ಬೇರು. ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಈ ಗಿಡಕ್ಕೆ ಕನ್ನಡದಲ್ಲಿ ಸೂತ್ರನಾಭಿ ಎಂಬ ಹೆಸರೂ ಇದೆ. ಬಿಹಾರದಲ್ಲಿ ಇದು ‘ಪಾಗಲ್ ಕಿ ದವಾ’, ಅಂದರೆ ಹುಚ್ಚಿನ ಮದ್ದು. ಪಾಶ್ಚಾತ್ಯ ಸಸ್ಯಶಾಸ್ತ್ರಜ್ಞರು ಇದಕ್ಕೆ 16ನೇ ಶತಮಾನದ ಜರ್ಮನ್ ವೈದ್ಯ ರೌವೋಲ್ಫ್‌ನ ಹೆಸರಿಟ್ಟರು. ಅಲೆಪ್ಪೊಗೆ ಬಂದು ಅಲ್ಲಿನ ಜನರ ಕಾಫಿಯ ಬಗ್ಗೆ ಬರೆದವನು ಆತ. ಗಿಡದ ತವರಾದ ಭಾರತಕ್ಕೆ ಮಾತ್ರ ಬಂದವನಲ್ಲ!

ಈ ಬೇರಿನೊಳಗೆ ಏನಿದೆ ಎಂದು ಮೊದಲು ಬಿಡಿಸಿ ನೋಡಿದವರಲ್ಲಿ ಸಲೀಮುಝ್ಝಮಾನ್ ಸಿದ್ದೀಖಿ ಪ್ರಮುಖರು. ಅಲೀಗಢದಲ್ಲಿ ಓದಿ, ಫ್ರಾಂಕ್‌ಫರ್ಟ್‌ನಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದವರು. ಒಳ್ಳೆಯ ಚಿತ್ರಕಾರರೂ ಹೌದು. ಹಕೀಮ್ ಅಜ್ಮಲ್ ಖಾನರು ದಿಲ್ಲಿಯಲ್ಲಿ ಕಟ್ಟಿದ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜಿನ ಸಂಶೋಧನಾ ವಿಭಾಗವನ್ನು ಅವರು ವಹಿಸಿಕೊಂಡರು. ಹಳೆಯ ಮದ್ದುಗಳನ್ನು ಹೊಸ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕೆಂಬುದು ಹಕೀಮರ ಆಸೆಯಾಗಿತ್ತು. ಫಲ ಕಾಣುವ ಮುನ್ನವೇ, 1927ರ ಡಿಸೆಂಬರಿನಲ್ಲಿ, ಅವರು ತೀರಿಕೊಂಡರು. 1931ರಲ್ಲಿ ಸಿದ್ದೀಖಿ ಮತ್ತು ರಫತ್ ಹುಸೇನ್ ಸಿದ್ದೀಖಿ ಈ ಬೇರಿನಿಂದ ಆಲ್ಕಲಾಯ್ಡ್ ಎಂಬ ವರ್ಗದ ಹಲವು ರಾಸಾಯನಿಕಗಳನ್ನು ಬೇರ್ಪಡಿಸಿದರು. ಅವುಗಳಲ್ಲಿ ಒಂದಕ್ಕೆ ಅಜ್ಮಲಿನ್ ಎಂದು ಹೆಸರಿಟ್ಟರು.

ಅದೇ ವರ್ಷ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಎಂಬ ಇಬ್ಬರು ಬಂಗಾಳಿ ವೈದ್ಯರು, ಈ ಬೇರು ಬುದ್ಧಿಭ್ರಮಣೆಗೂ ಏರಿದ ರಕ್ತದೊತ್ತಡಕ್ಕೂ ಮದ್ದು ಎಂದು ಭಾರತೀಯ ಪತ್ರಿಕೆಯೊಂದರಲ್ಲಿ ಬರೆದರು. ಪಶ್ಚಿಮದ ವೈದ್ಯರ ಗಮನ ಅದರತ್ತ ಹರಿಯಲಿಲ್ಲ. ನಮ್ಮಲ್ಲಿ ಮಾತ್ರ ಬೇರಿನ ಬಳಕೆ ನಡೆದೇ ಇತ್ತು. ಮುಹಮ್ಮದ್ ಮನಾಲ್ 1930ರಲ್ಲಿ ಡೆಹರಾಡೂನಿನಲ್ಲಿ ಆರಂಭಿಸಿದ, ಮುಂದೆ ಬೆಂಗಳೂರಿಗೆ ಬಂದು ನೆಲೆಸಿದ ಹಿಮಾಲಯ ಕಂಪೆನಿಯು 1934ರಲ್ಲಿ ಇದೇ ಬೇರಿನಿಂದ ‘ಸರ್ಪಿನಾ’ ಮಾತ್ರೆ ತಂದಿತು.

ಹೀಗಿರುವಾಗ ಬಂದವರು ಮುಂಬೈಯ ರುಸ್ತುಂ ಜಾಲ್ ವಕೀಲ್. ಹೆಸರಿಗೆ ವಕೀಲ್, ವೃತ್ತಿಯಲ್ಲಿ ಹೃದಯವೈದ್ಯ. ಲಂಡನ್ನಿನಲ್ಲಿ ಕಲಿತು ಬಂದ ಈ ಪಾರ್ಸಿ ವೈದ್ಯರು ಬೇರನ್ನು ಹೊಗಳಲೂ ಇಲ್ಲ, ನಾಟಿ ಮದ್ದೆಂದು ತಳ್ಳಲೂ ಇಲ್ಲ. ರೋಗಿಗಳಿಗೆ ಕೊಟ್ಟು, ವಾರಗಟ್ಟಲೆ ಅವರ ರಕ್ತದೊತ್ತಡ ಅಳೆದು ಬರೆದಿಟ್ಟರು. 50 ರೋಗಿಗಳ ಲೆಕ್ಕವನ್ನು 1949ರಲ್ಲಿ ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದರು. ಹೆಚ್ಚಿನವರಲ್ಲಿ ಒತ್ತಡ ಇಳಿದಿತ್ತು. ಇಂದಿನ ಅಳತೆಗೆ 50 ಎಂಬುದು ಸಣ್ಣ ಸಂಖ್ಯೆಯೇ. ಆದರೆ ಹಕೀಮರ, ವೈದ್ಯರ ಅನುಭವದ ಮಾತು ಇಲ್ಲಿ ಅಂಕಿಗಳಾಗಿತ್ತು, ಪಶ್ಚಿಮದ ಹೃದಯತಜ್ಞರ ಮೇಜಿನ ಮೇಲೆಯೇ ಬಂದು ಕೂತಿತ್ತು. ವಕೀಲರ ಕೊಡುಗೆ ಇದು. ಬೇರನ್ನು ಅವರು ಕಂಡುಹಿಡಿದರು ಎಂದು ಕೆಲವರು ಬರೆಯುವುದುಂಟು. ಅದು ಸರಿಯಲ್ಲ, ಅವರಿಗೆ ಅದರ ಅಗತ್ಯವೂ ಇಲ್ಲ.

ಮುಂದಿನದು ಬೇಗ ನಡೆಯಿತು. ಬೋಸ್ಟನ್ನಿನ ರಾಬರ್ಟ್ ವಿಲ್ಕಿನ್ಸ್ ಆ ಲೇಖನ ನೋಡಿ ಭಾರತದಿಂದ ಮದ್ದು ತರಿಸಿಕೊಂಡರು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪೆನಿಯ ವಿಜ್ಞಾನಿಗಳು ಬೇರಿನ ಮುಖ್ಯ ಶಕ್ತಿಯಾದ ರಿಸರ್ಪಿನ್ ಅನ್ನು ಬೇರ್ಪಡಿಸಿದರು. ನ್ಯೂಯಾರ್ಕಿನ ನೇಥನ್ ಕ್ಲೈನ್ ಅದನ್ನು ಮಾನಸಿಕ ರೋಗಿಗಳಿಗೆ ಕೊಟ್ಟು 1954ರಲ್ಲಿ ವರದಿ ಮಾಡಿದರು. 1957ರ ಲಾಸ್ಕರ್ ಪ್ರಶಸ್ತಿ ಪಡೆದವರ ಸಾಲಿನಲ್ಲಿ ವಕೀಲ್ ಮತ್ತು ಕ್ಲೈನ್ ಇಬ್ಬರೂ ಇದ್ದರು. ಒಬ್ಬರು ರಕ್ತದೊತ್ತಡಕ್ಕಾಗಿ, ಇನ್ನೊಬ್ಬರು ಮನೋರೋಗಕ್ಕಾಗಿ. ಸೇನ್ ಮತ್ತು ಬೋಸ್ 26 ವರ್ಷಗಳ ಹಿಂದೆ ಹೇಳಿದ್ದೂ ಈ ಎರಡನ್ನೇ ಅಲ್ಲವೇ?

ನಿಜವಾದ ಪರೀಕ್ಷೆ 1967ರಲ್ಲಿ ನಡೆಯಿತು. ಒತ್ತಡ ಇಳಿಸಿದರೆ ಜೀವ ಉಳಿಯುತ್ತದೆಯೇ ಎಂಬ ಪ್ರಶ್ನೆ ಆವರೆಗೂ ತೀರ್ಮಾನವಾಗಿರಲಿಲ್ಲ. ಎಡ್ವರ್ಡ್ ಫ್ರೈಸ್ ಮುಂದಾಳತ್ವದಲ್ಲಿ ಅಮೆರಿಕದ 143 ಮಾಜಿ ಸೈನಿಕರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ರಿಸರ್ಪಿನ್ ಸೇರಿ ಮೂರು ಔಷಧಗಳು, ಇನ್ನೊಂದಕ್ಕೆ ಹುಸಿ ಮಾತ್ರೆ. ಹುಸಿ ಮಾತ್ರೆಯವರಲ್ಲಿ 27 ಮಂದಿಗೆ ಗಂಭೀರ ತೊಂದರೆಗಳಾದವು, ಔಷಧ ತಿಂದವರಲ್ಲಿ ಇಬ್ಬರಿಗೆ ಮಾತ್ರ. ಯಾವ ನೋವೂ ಕಾಣದ ಮನುಷ್ಯನಿಗೂ ದಿನಾ ಬಿಪಿ ಮಾತ್ರೆ ಕೊಡುವ ಪದ್ಧತಿಯ ಬೇರುಗಳಲ್ಲಿ ಇದೂ ಒಂದು.

ರಿಸರ್ಪಿನ್ ಮಿದುಳಿನ ವಿಜ್ಞಾನಕ್ಕೂ ದಾರಿ ತೋರಿತು. ಅದನ್ನು ಕೊಟ್ಟು ಮಂಕಾಗಿಸಿದ ಮೊಲಗಳನ್ನು ಎಲ್-ಡೋಪಾದಿಂದ ಎಬ್ಬಿಸಿದ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 2000ದಲ್ಲಿ ನೊಬೆಲ್ ಪಡೆದರು. ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆ ಅಲ್ಲಿಂದಲೇ ಬೆಳೆಯಿತು.

ಆದರೆ ಮದ್ದಿಗೆ ಕೆಡುಕಿನ ಮುಖವೂ ಇತ್ತು. ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡ ಕೆಲವರಲ್ಲಿ ಖಿನ್ನತೆ ಕಂಡಿತು. 1974ರಲ್ಲಿ ಸ್ತನ ಕ್ಯಾನ್ಸರಿನ ಶಂಕೆಯೂ ಎದ್ದಿತು. ಆ ಶಂಕೆಯನ್ನು ನಂತರದ ಅಧ್ಯಯನಗಳು ಎತ್ತಿಹಿಡಿಯಲಿಲ್ಲವಾದರೂ, ಅಷ್ಟರಲ್ಲಿ ಹೊಸ ಮಾತ್ರೆಗಳು ಬಂದು ಅದರ ಜಾಗ ಹಿಡಿದಿದ್ದವು. ಬೇಡಿಕೆಗಾಗಿ ಕಾಡಿನಿಂದ ಬೇರು ಕಿತ್ತು ಕಿತ್ತು ಗಿಡವೇ ವಿರಳವಾಯಿತು. 1990ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿದೆ.

ವಕೀಲ್ 1974ರಲ್ಲಿ ತೀರಿಕೊಂಡರು. 1951ರಲ್ಲಿ ಪಾಕಿಸ್ತಾನಕ್ಕೆ ಹೋದ ಸಿದ್ದೀಖಿ 1994ರಲ್ಲಿ ಕರಾಚಿಯಲ್ಲಿ ನಿಧನರಾದರು. ಅವರು ತಮ್ಮ ಹಕೀಮರ ಹೆಸರಿಟ್ಟ ಅಜ್ಮಲಿನ್ ಇಂದಿಗೂ ಬಳಕೆಯಲ್ಲಿದೆ. ಬ್ರುಗಾಡಾ ಎಂಬ ಕಾಯಿಲೆಯಲ್ಲಿ ಆರೋಗ್ಯವಂತರಂತೆ ಕಾಣುವ ಯುವಕರ ಹೃದಯವೂ ಹಠಾತ್ತನೆ ನಿಂತುಬಿಡಬಹುದು. ಅದು ಮಾಮೂಲಿ ಇಸಿಜಿಯಲ್ಲಿ ಅಡಗಿರಬಹುದು. ಯುರೋಪಿನ ಆಸ್ಪತ್ರೆಗಳಲ್ಲಿ ಅಜ್ಮಲಿನ್ ಅನ್ನು ರಕ್ತನಾಳಕ್ಕೆ ಕೊಟ್ಟು ಅದನ್ನು ಹೊರಗೆಳೆಯುತ್ತಾರೆ.