ಜೇನು ಕಚ್ಚಿದರೆ ಸುಣ್ಣ, ಸೆಟ್ರಿಜಿನ್ ಸಾಕೇ?

ಕೊಡಗಿನಲ್ಲಿ ಹೂಮಳೆ ಬಿದ್ದು ಕಾಫಿ ಅರಳಿತೆಂದರೆ ತೋಟದ ತುಂಬ ಜೇನ್ನೊಣ. ಅದರ ಹಿಂದೆಯೇ ವಾಟ್ಸ್ಆ್ಯಪ್‌ನಲ್ಲಿ ಇಂಥ ಸಂದೇಶಗಳು: ಕಚ್ಚಿದ ಜಾಗಕ್ಕೆ ಸುಣ್ಣ ಹಚ್ಚಿ, ಒಂದು ಸೆಟ್ರಿಜಿನ್ ನುಂಗಿ, ಒಮ್ಮೆ ಕಚ್ಚಿಸಿಕೊಂಡವರಿಗೆ ಮುಂದೆ ಏನೂ ಆಗದು.

ಹೆಚ್ಚಿನವರಿಗೆ ಊತ, ಉರಿ ಕೆಲ ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಸುಣ್ಣಕ್ಕೆ ಬರುತ್ತದೆ. ಆದರೆ ಸಂದೇಶದ ಕೊನೆಯ ಮಾತು ಕೆಲವರ ಪ್ರಾಣಕ್ಕೇ ಕುತ್ತು.

ಜೇನಿನ ನಂಜು ಮೊದಲ ಸಲ ಮೈಸೇರಿದಾಗ ಕೆಲವರ ದೇಹ ಅದರ ವಿರುದ್ಧ ಐಜಿಇ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಅದು ಚರ್ಮ, ಶ್ವಾಸನಾಳಗಳಲ್ಲಿರುವ ಮಾಸ್ಟ್ ಕೋಶಗಳ ಮೇಲೂ ರಕ್ತದಲ್ಲಿರುವ ಬೇಸೊಫಿಲ್ ಎಂಬ ಬಿಳಿ ರಕ್ತಕಣಗಳ ಮೇಲೂ ಹೋಗಿ ಕೂರುತ್ತದೆ. ಬಿಳಿ ರಕ್ತಕಣಗಳಲ್ಲಿ ಬೇಸೊಫಿಲ್‌ಗಳ ಪಾಲು ಸಾಮಾನ್ಯವಾಗಿ ನೂರಕ್ಕೆ ಒಂದನ್ನೂ ಮೀರದು. ಆದರೆ ಅವುಗಳ ಒಳಗೆ ಹಿಸ್ಟಮಿನ್ ತುಂಬಿದ ಪುಟ್ಟ ಚೀಲಗಳಿವೆ. ಮತ್ತೊಮ್ಮೆ ಜೇನು ಕಚ್ಚಿದಾಗ ನಂಜಿನ ಕಣವೊಂದು ಅಕ್ಕಪಕ್ಕದ ಎರಡು ಐಜಿಇಗಳನ್ನು ಜೋಡಿಸಿದರೆ ಅದೇ ಸಂಕೇತ. ನಿಮಿಷಗಳಲ್ಲಿ ಚೀಲಗಳು ಬರಿದಾಗುತ್ತವೆ. ಐಜಿಇ ಒಂದೇ ಅಲ್ಲ, ಸಿ5ಎ, ಎಂಸಿಪಿ-1 ಎಂಬ ಪ್ರೋಟೀನುಗಳೂ ಬೇಸೊಫಿಲ್‌ಗಳಿಂದ ಹಿಸ್ಟಮಿನ್ ಹೊರಡಿಸಬಲ್ಲವು. ಇಂಟರ್‌ಲ್ಯೂಕಿನ್-3 ಎಂಬುದು ಅವುಗಳನ್ನು ಮೊದಲೇ ಕೆರಳಿಸಿಟ್ಟರೆ ಅಷ್ಟೇ ಸಂಕೇತಕ್ಕೆ ಇನ್ನಷ್ಟು ಹಿಸ್ಟಮಿನ್ ಸುರಿಯುತ್ತದೆ.

ಎರಡನೇ ಸಲದ ಈ ಅಪಾಯ ಹೊಸ ವಿಷಯವೇನಲ್ಲ. 1902ರಲ್ಲಿ ಫ್ರಾನ್ಸ್‌ನ ಪೋರ್ಟಿಯೆ ಮತ್ತು ರಿಷೆ ಕಡಲಹೂವಿನ ನಂಜನ್ನು ನಾಯಿಗಳಿಗೆ ಕೊಟ್ಟು ನೋಡಿದ್ದರು. ಮೊದಲ ಸಲ ತಡೆದುಕೊಂಡ ನಾಯಿ ಕೆಲ ವಾರಗಳ ನಂತರ ಅಲ್ಪ ಪ್ರಮಾಣಕ್ಕೇ ಸತ್ತಿತು. ರಿಷೆಗೆ 1913ರಲ್ಲಿ ನೊಬೆಲ್ ಬಂತು.

ಹಿಸ್ಟಮಿನ್ ಮತ್ತು ಅದರ ಜೊತೆ ಹೊರಬೀಳುವ ಇತರ ರಾಸಾಯನಿಕಗಳಿಂದ ರಕ್ತನಾಳಗಳು ಹಿಗ್ಗಿ ಸೋರುತ್ತವೆ, ಬಿಪಿ ಕುಸಿಯುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಸೆಟ್ರಿಜಿನ್ ತುರಿಕೆ, ದದ್ದು ಇಳಿಸುತ್ತದೆ ನಿಜ. ಕುಸಿದ ಬಿಪಿಯನ್ನು ಎತ್ತಲಾರದು. ಅದಕ್ಕೆ ಬೇಕಾದ್ದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಚರ್ಮದ ಮೇಲೆ ಬಳಿದ ಸುಣ್ಣಕ್ಕಂತೂ ರಕ್ತದೊಳಗಿನ ಕಣಗಳ ಸುದ್ದಿಯೇ ತಿಳಿಯದು!

ಮುಳ್ಳು ಉಳಿದಿದ್ದರೆ ಹೇಗಾದರೂ ಸರಿ, ತಕ್ಷಣ ತೆಗೆಯಿರಿ. ಮೈಯೆಲ್ಲ ದದ್ದು, ನಾಲಿಗೆ ಊತ, ಉಬ್ಬಸ, ವಾಂತಿ, ತಲೆಸುತ್ತು ಕಂಡರೆ 108ಕ್ಕೆ ಕರೆ ಮಾಡಿ. ತೋಟದ ಲೈನ್ ಮನೆಯಿಂದ ಆಸ್ಪತ್ರೆ ದೂರವಿದ್ದರೆ ಸಿಕ್ಕ ಜೀಪಿನಲ್ಲೇ ಹೊರಡಿ. ರೋಗಿಯನ್ನು ನಡೆಸಬೇಡಿ, ಮಲಗಿಸಿ ಕಾಲು ಎತ್ತರಿಸಿ, ಉಸಿರಾಟಕ್ಕೆ ಕಷ್ಟವಾದರೆ ಕೂರಿಸಿ. ಹೆಜ್ಜೇನು ಹಿಂಡಾಗಿ ಮುತ್ತಿದರೆ ಅಲರ್ಜಿ ಇಲ್ಲದವರಿಗೂ ಆಸ್ಪತ್ರೆಯೇ ಬೇಕು. ಅಲ್ಲಿ ನಂಜಿನ ಪ್ರಮಾಣವೇ ವಿಷ.

ಒಮ್ಮೆ ಹೀಗೆ ತೀವ್ರವಾಗಿ ಆದವರು ಅಲರ್ಜಿ ತಜ್ಞರನ್ನು ಕಾಣುವುದು ಒಳ್ಳೆಯದು. ಯಾವ ನೊಣದ ನಂಜಿಗೆ ಐಜಿಇ ಇದೆ ಎಂದು ರಕ್ತ ಅಥವಾ ಚರ್ಮದ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.